ಗುಡ್ಡದ ಕುದುರೆ ದಾರಿ ಕೊರಕಲಾಗಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಕಲಘಟಗಿ ಕಡೆ ನಮ್ಮ ಹೊಲ. ಮೂರು ಕುದುರೆ ಇವೆ, ಶನಿವಾರ ಭಾನುವಾರ ಹುಬ್ಬಳ್ಳಿಯಿಂದ ಮಂದಿ ಸವಾರಿಗೆ ಬರುತ್ತಾರೆ. ಹಿಂದಿನ ಗುಡ್ಡವೂ ನಮ್ಮದೇ. ಹೋದ ವರ್ಷ ಜೆಸಿಬಿ ತರಿಸಿ ಬುಡದಿಂದ ನೆತ್ತಿಗೆ ನೆಟ್ಟಗೆ ದಾರಿ ಹೊಡೆಸಿದೆ. ಒಂದೇ ಮಳೆಗಾಲಕ್ಕೆ ಮೊಣಕಾಲುದ್ದ ಕೊರಕಲು ಬಿದ್ದಿದೆ. ಕೆಂಪು ಮಣ್ಣೆಲ್ಲ ಕೆಳಗಿನ ಕೃಷಿಹೊಂಡದಲ್ಲಿ ಕೂತಿದೆ. ಗರಸು ಹಾಕಿ ಮುಚ್ಚಿದರೆ ಸಾಕಾ?

ಉತ್ತರ: ಸಾಕಾಗಲ್ಲ ರೀ. ಬರುವ ಮಳೆಗೆ ಆ ಗರಸೂ ಹೊಂಡಕ್ಕೇ ಹೋಗುತ್ತದೆ. ಕುದುರೆ, ಜೀನು, ಸವಾರ ಸೇರಿ ನಾಲ್ಕೈದು ಕ್ವಿಂಟಲ್ ಭಾರ. ಲಾಳ ಕಟ್ಟಿದ ಗೊರಸು ಮಣ್ಣು ಸಡಿಲ ಮಾಡುತ್ತದೆ, ನಿಜ. ಹೊತ್ತುಕೊಂಡು ಹೋಗುವುದು ಮಾತ್ರ ನೀರು. ಅದಕ್ಕೆ ನೀವೇ ಕಾಲುವೆ ತೋಡಿ ಕೊಟ್ಟಿದ್ದೀರಿ.

ಆ ದಾರಿ ಬಿಟ್ಟುಬಿಡಿ. ಗುಡ್ಡದ ಮೈಗುಂಟ ಓರೆಯಾಗಿ ಹೊಸದು ಮಾಡಿ. ಗೌಂಡಿಗಳ ಹತ್ತಿರ ನೀರು ತುಂಬಿ ಮಟ್ಟ ನೋಡುವ ಲೆವೆಲ್ ಪೈಪ್ ಇರುತ್ತದೆ ಅಲ್ವಾ, ಅದು ಸಾಕು. ಮೊದಲು ಗುಡ್ಡದ ಇಳಿಜಾರು ಅಳೆಯಿರಿ. 20 ಅಡಿಗೆ 4 ಅಡಿ ಇಳಿದರೆ, ದಾರಿ 20 ಅಡಿಗೆ 2 ಅಡಿಗಿಂತ ಜಾಸ್ತಿ ಏರಬಾರದು. ಅಂದರೆ ಗುಡ್ಡದ ಇಳಿಜಾರಿನ ಅರ್ಧ. ನಿಮ್ಮ ಕೆಂಪು ಮಣ್ಣಿಗೆ ನಾನಾದರೆ ಒಂದೂವರೆ ಅಡಿಗೇ ನಿಲ್ಲಿಸುತ್ತೇನೆ.

ನಾಲ್ಕು ಅಡಿ ಅಗಲದ ದಾರಿಯಾದರೆ ಕಣಿವೆ ಕಡೆಯ ಅಂಚು ಎರಡೂವರೆ ಇಂಚು ತಗ್ಗಿರಲಿ. 50-60 ಅಡಿಗೊಮ್ಮೆ, ಏರುತ್ತಿರುವ ದಾರಿಯನ್ನು ನಾಲ್ಕೈದು ಹೆಜ್ಜೆ ಇಳಿಸಿ ಮತ್ತೆ ಏರಿಸಿ. ಆ ತಗ್ಗಿನಲ್ಲಿ ನೀರು ಹೊರಗೆ ಜಾರಿ ಹುಲ್ಲಿನೊಳಗೆ ಹೋಗುತ್ತದೆ. ನೀರು ತಡೆಯಲು ದಾರಿಗೆ ಅಡ್ಡ ಕಟ್ಟಿಗೆ, ಪೈಪು ಹೂಳಬೇಡಿ. ಕುದುರೆ ಎಡವುತ್ತದೆ. ಕೊಂಬೆಗಳನ್ನು 10 ಅಡಿ ಎತ್ತರದವರೆಗೆ ಸವರಿ, ಸವಾರನ ತಲೆ ಮೇಲಿರುತ್ತದೆ ನೋಡಿ.

ಹಳೆಯ ಕೊರಕಲಿಗೆ ಅಲ್ಲಲ್ಲಿ ಕಲ್ಲು ಪೇರಿಸಿ ತಡೆ ಹಾಕಿ, ಲಾವಂಚ ಹಚ್ಚಿ. ಬಾಯಿಗೆ ಜಾಲಿ ಮುಳ್ಳು ಬಡಿಯಿರಿ. ಇಲ್ಲದಿದ್ದರೆ ಮಂದಿ ಮತ್ತೆ ಅಲ್ಲೇ ಹತ್ತುತ್ತಾರೆ.

ಅದೇ ಸದಸ್ಯರು: ಮಾಡಿದ ಮೇಲೆ ವರ್ಷಾವರ್ಷ ಏನು ಕೆಲಸ ಇರುತ್ತದೆ ಸರ್?

ಉತ್ತರ: ಮೊದಲ ದೊಡ್ಡ ಮಳೆಗೆ ಛತ್ರಿ, ಸಲಿಕೆ ಹಿಡಿದು ದಾರಿ ಮೇಲೆ ನಡೆಯಿರಿ. ಬಿಸಿಲಲ್ಲಿ ಏನೂ ಗೊತ್ತಾಗಲ್ಲ. ಗೊರಸು ಮಣ್ಣನ್ನು ಹೊರ ಅಂಚಿಗೆ ತಳ್ಳಿ ತಳ್ಳಿ ಅಲ್ಲೊಂದು ಸಣ್ಣ ಬದು ಕಟ್ಟಿರುತ್ತದೆ. ಬೆರಳುದ್ದ ಇದ್ದರೂ ಸಾಕು, ನೀರು ಹೊರಗೆ ಹೋಗದೆ ದಾರಿಗುಂಟ ಓಡುತ್ತದೆ. ನಿಂತಲ್ಲೇ ಒಡೆದುಬಿಡಿ. ಮುಕ್ಕಾಲು ಪಾಲು ರಿಪೇರಿ ಅಷ್ಟೇ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಅಣ್ಣಿಗೇರಿ ಹತ್ತಿರ ಸರ್, ಪೂರಾ ಎರೆ ಹೊಲ, ಕಪ್ಪು ಮಣ್ಣು. ಗುಡ್ಡ ಇಲ್ಲ. ನಮಗೂ ಇದೇ ಲೆಕ್ಕಾನಾ?

ಉತ್ತರ: ಅಲ್ಲ. ಎರೆ ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಸಮತಟ್ಟು ನೆಲದಲ್ಲಿ ನೀರು ಹೊರಹೋಗಲು ಜಾಗವೇ ಇಲ್ಲ. ಆದ್ದರಿಂದ ದಾರಿಯನ್ನು ಅಕ್ಕಪಕ್ಕದ ಹೊಲಕ್ಕಿಂತ ಎತ್ತರಿಸಿ, ನಡುವೆ ಉಬ್ಬು ಇರಲಿ. ನಾನು ಒಮ್ಮೆ ಎರೆ ಮೇಲೆ ಸುಮ್ನೆ ಗರಸು ಸುರಿಸಿದ್ದೆ. ಎರಡು ಮಳೆಗಾಲಕ್ಕೆ ಎರೆ ಅಷ್ಟನ್ನೂ ನುಂಗಿತು, ಮಾಲೀಕರ ಮುಖ ನೋಡಲು ನನಗೆ ಆಗಲಿಲ್ಲ. ಈಗ ಕೆಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ಗರಸು ಮಣ್ಣಿನೊಳಗೆ ಇಳಿಯದಂತೆ ತಡೆಯುವ ಗಟ್ಟಿ ಹಾಸು) ಹಾಸದೆ ಗರಸು ಹಾಕಿಸಲ್ಲ.

ಅದಕ್ಕಿಂತ ಅಗ್ಗದ ಉಪಾಯ ಎಂದರೆ ಮಳೆ ಬಿದ್ದಾಗ ಸವಾರಿ ನಿಲ್ಲಿಸುವುದು. ಬಿತ್ತುವಾಗ ಹದ ನೋಡುತ್ತೀರಲ್ಲ, ಹಾಗೇ ನೋಡಿ. ಗೊರಸು ಒಂದು ಇಂಚಿಗಿಂತ ಆಳ ಹೂತರೆ ಆ ದಿನ ಕುದುರೆ ಲಾಯದಲ್ಲೇ ಇರಲಿ. ಬಂದವರು ಬೇಜಾರಾದರೆ ಮಿರ್ಚಿ, ಚಹಾ ಕೊಟ್ಟು ಕಳಿಸಿ.

ಗದಗಿನಿಂದ ಒಬ್ಬರು: ಕಪ್ಪತಗುಡ್ಡಕ್ಕೆ ಕುದುರೆ ಒಯ್ಯಬಹುದಾ?

ಉತ್ತರ: ಅದು 2019ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬೇಡ. ಅನುಮತಿ ಸಿಕ್ಕರೂ ಇದ್ದ ದಾರಿ ಬಿಟ್ಟು ಇಳಿಯಬೇಡಿ. ಇನ್ನೊಂದು ಮಾತು. ಬಳ್ಳಾರಿ ಜಾಲಿ ಕಾಯಿ ಸಿಹಿ, ಕುದುರೆಗೆ ಇಷ್ಟ. ಬೀಜ ಹೊಟ್ಟೆಯಲ್ಲಿ ಸಾಯಲ್ಲ, ಲದ್ದಿಯಲ್ಲಿ ಹೊರಬಂದು ಮೊಳೆಯುತ್ತದೆ. ಅದಕ್ಕೆ ಅಂಥ ಕಡೆ ಹೋಗುವ ಮೂರು ದಿನ ಮುಂಚಿನಿಂದ ಬೀಜವಿಲ್ಲದ ಶುದ್ಧ ಮೇವು ಹಾಕಿ. ಹಳ್ಳದ ಹತ್ತಿರ ಬಿದ್ದ ಲದ್ದಿ ಎತ್ತಿ. ಮರಕ್ಕೆ ಕಟ್ಟಬೇಡಿ, ಕೆರೆದು ಕೆರೆದು ಬೇರು ಬಯಲು ಮಾಡುತ್ತವೆ.

ಕಲಘಟಗಿಯವರೇ, ಪೈಪ್ ಹಿಡಿದು ಸುಣ್ಣದ ಗೆರೆ ಹಾಕಿದ ಮೇಲೆ ಇಲ್ಲಿ ಫೋಟೋ ಹಾಕಿ. ಜೆಸಿಬಿ ಕರೆಸುವ ಮುಂಚೆ.