ಕಾರ್ಕಳ ಅತ್ತೆ ಹಾಕಿದ ರೊನಾಲ್ಡೊ ಫಾರ್ವರ್ಡ್

ಆದಿತ್ಯವಾರ ಬೆಳಿಗ್ಗೆ ಆರೂವರೆಗೆ ಕಾರ್ಕಳ ಅತ್ತೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದ್ರು. ಮನೆಯಲ್ಲಿ ನಾವೆಲ್ಲ ತುಳುವೇ ಮಾತಾಡುದು, ಆದ್ರೆ ಗ್ರೂಪಿನಲ್ಲಿ ಹಾಸನ, ಬೆಂಗ್ಳೂರು ಕಡೆಯ ಸೊಸೆಯಂದಿರು ಇದ್ದಾರಲ್ಲ, ಹಾಗಾಗಿ ಕನ್ನಡ. ಅವತ್ತು ನಡೆದದ್ದನ್ನು ಹಾಗೇ ಇಲ್ಲಿ ಹಾಕ್ತಾ ಇದ್ದೇನೆ. ಹೆಸರು ಯಾರದ್ದೂ ಇಲ್ಲ, ನನ್ನ ಫೋನಲ್ಲಿ ಹೇಗೂ ಎಲ್ಲರೂ ಊರಿನ ಹೆಸರಲ್ಲೇ ಸೇವ್ ಆಗಿರುದು.

ಕಾರ್ಕಳ ಅತ್ತೆ: 🙏🙏 ತಪ್ಪದೇ ಓದಿ ಮಕ್ಕಳಿಗೂ ಓದಿಸಿ. ವಿಶ್ವವಿಖ್ಯಾತ ಫುಟ್ಬಾಲ್ ಆಟಗಾರ ರೊನಾಲ್ಡೊ ತನ್ನನ್ನು ಸಾಕಿ ಸಲಹಿದ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ ಬಗ್ಗೆ ಟಿವಿಯಲ್ಲಿ ಕೂತು ಬಾಯಿಗೆ ಬಂದ ಹಾಗೆ ಮಾತಾಡಿದ. ಅದೇ ದಿನ ಸಂಜೆ ಕ್ಲಬ್ಬಿನವರು ಅವನನ್ನು ಕುತ್ತಿಗೆ ಹಿಡಿದು ಹೊರಗೆ ಹಾಕಿದರು. ಉಂಡ ಮನೆಗೆ ದ್ರೋಹ ಬಗೆದವನಿಗೆ ಎಲ್ಲಿಯೂ ನೆಲೆ ಇಲ್ಲ. ಹತ್ತು ಜನರಿಗೆ ಕಳಿಸಿ.

ಅತ್ತೆಗೆ ಫುಟ್ಬಾಲ್ ಅಂದ್ರೆ ಎಂತ ಅಂತ ಗೊತ್ತಿಲ್ಲ. ಅವರ ಮಗ ಕಳೆದ ತಿಂಗಳು ಒಂದು ಕಂಪನಿ ಬಿಟ್ಟು ಲಿಂಕ್ಡ್‌ಇನ್‌ನಲ್ಲಿ ಹಳೇ ಮ್ಯಾನೇಜರ್ ಬಗ್ಗೆ ಉದ್ದಕ್ಕೆ ಬರೆದಿದ್ದ, ಇನ್ನು ಇವನಿಗೆ ಯಾರು ಕೆಲಸ ಕೊಡ್ತಾರೆ ಅಂತ ಪಾಪ ಅವರಿಗೆ ರಾತ್ರಿ ನಿದ್ದೆ ಇಲ್ಲ. ಆ ಹೆದರಿಕೆಯೇ ಈ ಫಾರ್ವರ್ಡ್ ಆಗಿ ಬಂದದ್ದು.

ಉಡುಪಿ ದೊಡ್ಡಪ್ಪ: ಸತ್ಯವಾದ ಮಾತು. ಉಂಡ ಮನೆಯ ಜಂತಿ ಎಣಿಸಬಾರದು ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ. ಯಕ್ಷಗಾನದಲ್ಲಿ ನೋಡಿ, ಒಂದು ಮೇಳ ಬಿಟ್ಟು ಇನ್ನೊಂದು ಮೇಳಕ್ಕೆ ಹೋದವ ಹಳೇ ಚೌಕಿಯ (ಬಣ್ಣ ಹಚ್ಚುವ ಕೋಣೆಯ) ಮಾತನ್ನು ಹೊಸ ಚೌಕಿಯಲ್ಲಿ ಆಡಬಾರದು. ನಮ್ಮ ಕುಟುಂಬದಲ್ಲೂ ಕೆಲವರು ಇದನ್ನು ತಿಳ್ಕೊಂಡಿದ್ರೆ ಒಳ್ಳೇದಿತ್ತು.

ಈ ಕೊನೇ ಸಾಲು ಓದಿದ ಕೂಡ್ಲೇ ನಂಗೆ ಹೊಟ್ಟೆಯಲ್ಲಿ ಎಂತದೋ ಆಯ್ತು. ಅಪ್ಪ ಪಕ್ಕದ ಕುರ್ಚಿಯಲ್ಲಿ ಪೇಪರ್ ಓದ್ತಾ ಇದ್ರು, ಫೋನು ಅವರ ಮಡಿಲಲ್ಲೇ ಇತ್ತು.

ಬೆಂಗ್ಳೂರು ಅಣ್ಣ: ಅತ್ತೆ ಇದು ಎಲ್ಲಿಂದ ಬಂತು? ಮೂಲ ಎಂತ?

ಕಾರ್ಕಳ ಅತ್ತೆ: ನಮ್ಮ ಭಜನೆ ಗ್ರೂಪಿಂದ

ಬೆಂಗ್ಳೂರು ಅಣ್ಣ: ಭಜನೆ ಗ್ರೂಪು ಮೂಲ ಅಲ್ಲ ಅತ್ತೆ 😐 "ಅದೇ ದಿನ ಸಂಜೆ" ಅನ್ನುದು ಸುಳ್ಳು. ಇಂಟರ್‌ವ್ಯೂದ ತುಂಡುಗಳು ಬಂದದ್ದು 2022 ನವೆಂಬರ್ 13ಕ್ಕೆ, ಪೂರ್ತಿ ಬಂದದ್ದು 16, 17ಕ್ಕೆ, ಕ್ಲಬ್ ಬಿಟ್ಟದ್ದು 22ಕ್ಕೆ, ಅದೂ ಎರಡೂ ಕಡೆಯವರು ಒಪ್ಪಿ ಅಂತ ಕ್ಲಬ್ಬೇ ಹೇಳಿದೆ. ಕುತ್ತಿಗೆ ಹಿಡಿದದ್ದು ಯಾರು? ಮತ್ತೆ "ನೆಲೆ ಇಲ್ಲ" ಅಂದ್ರೆ ಎಂತ, ಆ ವರ್ಷ ಮುಗಿಯುವ ಮೊದ್ಲೇ ಸೌದಿಯ ಅಲ್ ನಸ್ರ್ ಸೇರಿ ಆಯ್ತು.

ಬೆಂಗ್ಳೂರು ಅಣ್ಣ ಅಂದ್ರೆ ದೊಡ್ಡಪ್ಪನ ಮಗನೇ. ಯುನೈಟೆಡ್ ಫ್ಯಾನ್, ಸೋತ ದಿನ ಯಾರ ಫೋನೂ ತೆಗೆಯುದಿಲ್ಲ.

ಬೆಂಗ್ಳೂರು ಅಣ್ಣ: ಮತ್ತೆ ಸಾಕಿ ಸಲಹಿದ ಅಂತ ಉಂಟಲ್ಲ, ಅದು ಕೂಡ ಹಾಗಲ್ಲ. 2003ರಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗಿಂದ 18 ವರ್ಷದವನನ್ನು ದುಡ್ಡು ಕೊಟ್ಟು ತಂದ್ರು, 2009ಕ್ಕೆ ರಿಯಲ್ ಮ್ಯಾಡ್ರಿಡ್‌ಗೆ 80 ಮಿಲಿಯನ್ ಪೌಂಡಿಗೆ ಮಾರಿದ್ರು, ಆಗ ಅದು ಪ್ರಪಂಚದ ರೆಕಾರ್ಡ್. 2021ರಲ್ಲಿ ವಾಪಸ್ ಕರ್ಕೊಂಡ್ರು. ಎರಡೂ ಸಲ ಸೇರಿ 346 ಮ್ಯಾಚು 145 ಗೋಲು. ಧರ್ಮಕ್ಕೆ ಊಟ ಹಾಕಿದ್ದಲ್ಲ.

ಉಡುಪಿ ದೊಡ್ಡಪ್ಪ: ನೀನು ನನ್ನ ಹತ್ರ ಲೆಕ್ಕ ಹೇಳ್ಬೇಡ. ನಾನು 31 ವರ್ಷ ಗಲ್ಲಾದಲ್ಲಿ ಕೂತವ.

ಅತ್ತೆಯ ಮೊಮ್ಮಗ: ಮೆಸ್ಸಿ ಹೀಗೆಲ್ಲ ಯಾವತ್ತೂ ಮಾತಾಡಿಲ್ಲ 🐐 ಬಾರ್ಸಲೋನ ಕ್ಲಬ್ ಬಿಡುವಾಗ ಅತ್ತ ಅಷ್ಟೇ

ಬೆಂಗ್ಳೂರು ಅಣ್ಣ: 2020ರಲ್ಲಿ ಕ್ಲಬ್ ಬಿಡ್ತೇನೆ ಅಂತ ಫ್ಯಾಕ್ಸ್ ಕಳಿಸಿದ್ದು ಯಾರು ಮತ್ತೆ? ಆಮೇಲೆ ಅಧ್ಯಕ್ಷ ಕೊಟ್ಟ ಮಾತು ಉಳಿಸ್ಲಿಲ್ಲ ಅಂತ ಇಂಟರ್‌ವ್ಯೂ ಕೊಟ್ಟದ್ದು ಯಾರು? 2023ರಲ್ಲಿ ಪ್ಯಾರಿಸ್ ಕ್ಲಬ್ ಬಿಟ್ಟ ಮೇಲೆ ವರ್ಲ್ಡ್ ಕಪ್ ಗೆದ್ದ 25 ಜನರಲ್ಲಿ ತನ್ನ ಕ್ಲಬ್ಬಿನಿಂದ ಗೌರವ ಸಿಗದವ ನಾನೊಬ್ಬನೇ ಅಂತ ಹೇಳಿದ್ದು ಯಾರು?

ಅತ್ತೆಯ ಮೊಮ್ಮಗ: ಅದು ಬೇರೆ

ಸುರತ್ಕಲ್ ಅಣ್ಣ: ಮಾರಾಯ ನಮ್ಮ ಸುರತ್ಕಲ್ ಹುಡುಗನನ್ನು ಬಿಟ್ರಲ್ಲ ನೀವು! ಕೆ.ಎಲ್. ರಾಹುಲ್! 2024 ಮೇ 8, ಐಪಿಎಲ್, ಹೈದರಾಬಾದಲ್ಲಿ ಇವನ ಟೀಮ್ ಲಕ್ನೋ ಹೊಡೆದ 165ನ್ನು ಹೈದರಾಬಾದಿನವರು ಒಂದು ವಿಕೆಟ್ ಹೋಗದೆ 9.4 ಓವರಲ್ಲಿ ಮುಗಿಸಿದ್ರು, ಮ್ಯಾಚ್ ಮುಗಿದದ್ದೇ ಲಕ್ನೋ ಓನರ್ ಬೌಂಡರಿ ಹತ್ರ ಬಂದು ಎಲ್ಲರೆದುರು ಕೈ ಬೀಸಿ ಬೀಸಿ ಮಾತಾಡಿದ್ದು ಇಡೀ ದೇಶ ನೋಡಿತು, ಆದ್ರೂ ಬಿಟ್ಟ ಮೇಲೆ ಅವ ಹೇಳಿದ್ದು ಎಂತ, ಸ್ವಲ್ಪ ಹಗುರ ವಾತಾವರಣ ಬೇಕಿತ್ತು, ಸ್ವಾತಂತ್ರ್ಯ ಬೇಕಿತ್ತು, ಅಷ್ಟೇ. 14 ಕೋಟಿಗೆ ಡೆಲ್ಲಿಗೆ ಹೋದ. ಬ್ಯಾಟಲ್ಲಿ ಮಾತಾಡಿದ 🔥

ಉಡುಪಿ ದೊಡ್ಡಪ್ಪ: ಅದೇ ನಾನು ಹೇಳುದು. ಸಂಸ್ಕಾರ.

ಸುರತ್ಕಲ್ ಅಣ್ಣ: ಆದ್ರೆ ಫುಟ್ಬಾಲ್ ಅಂದಾಗ ನಂಗೆ ಮಂಗ್ಳೂರಿನ ನೆಹರೂ ಮೈದಾನವೇ ನೆನಪಾಗುದು. ಜೂನಲ್ಲಿ ಮಳೆ ಹೊಡೆದು ಗೋಲ್ ಪೋಸ್ಟಿನೆದುರು ಹೊಂಡದಲ್ಲಿ ನೀರು ನಿಂತಿರ್ತದೆ, ಎಷ್ಟು ಜೋರು ಹೊಡೆದ್ರೂ ಬಾಲ್ ಆ ಹೊಂಡದಲ್ಲಿ ಚಕ್ ಅಂತ ನಿಲ್ತದೆ, ಕೀಪರ್ ಒಂದು ಕಡೆಯಿಂದ ಸ್ಟ್ರೈಕರ್ ಒಂದು ಕಡೆಯಿಂದ ಜಾರಿಕೊಂಡು ಬರ್ತಾರೆ, ಕೆಸರಲ್ಲಿ ಯಾರು ಯಾವ ಟೀಮ್ ಅಂತ ಗೊತ್ತಾಗುದಿಲ್ಲ. ಕಸ್ಬಾ ಬೆಂಗ್ರೆಯ ಹುಡುಗರು ಬಂದರಿಗೆ ಬೋಟಲ್ಲಿ ದಾಟಿ ಬರ್ತಿದ್ರು, ಅವರ ಕಾಲಿಗೆ ಬಾಲ್ ಸಿಕ್ಕಿದ್ರೆ ಕತೆ ಮುಗೀತು. ಚಿಕ್ಕಪ್ಪ ನನ್ನನ್ನು ಸೈಕಲಲ್ಲಿ ಕರ್ಕೊಂಡು ಹೋಗ್ತಿದ್ದದ್ದು, ಮ್ಯಾಚ್ ಮುಗಿದ ಮೇಲೆ ಹಂಪನಕಟ್ಟೆಯಲ್ಲಿ ಗೋಳಿಬಜೆ ❤️ ಚಿಕ್ಕಪ್ಪ ನೆನಪುಂಟಾ?

ಚಿಕ್ಕಪ್ಪ ಅಂದ್ರೆ ನನ್ನ ಅಪ್ಪ. ಅಪ್ಪ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಕೂಡ ಹಾಕುದಿಲ್ಲ. ಓದ್ತಾರೆ, ಇಡ್ತಾರೆ.

ಮಣಿಪಾಲ ಅತ್ತಿಗೆ: ನಾನೊಂದು ಹೇಳ್ತೇನೆ, ಪಿಟಿ ಟೀಚರ್ ಆಗಿ. ಬೈಬೇಕಾದ್ದು ಯಾವುದಕ್ಕೆ ಅಂತ ನಾವು ಮೊದ್ಲು ನೋಡ್ಬೇಕು. 2022 ಫೆಬ್ರವರಿಯಲ್ಲಿ ನಮ್ಮ ದೇಶದ ಫುಟ್ಬಾಲ್ ಆಟಗಾರ ಸಂದೇಶ್ ಜಿಂಗನ್ ಮೋಹನ್ ಬಗಾನ್ ಪರ ಆಡಿ, ತನ್ನ ಹಳೇ ಟೀಮ್ ಕೇರಳ ಬ್ಲಾಸ್ಟರ್ಸ್ ಜೊತೆ 2-2 ಡ್ರಾ ಆದ ಮೇಲೆ "ಹೆಂಗಸರ ಜೊತೆ ಮ್ಯಾಚ್ ಆಡಿದ್ದು" ಅಂತ ಹೇಳಿದ. 2014ರಿಂದ ಆರು ವರ್ಷ ಇದ್ದ ಕ್ಲಬ್ಬು, ಅವ ಬಿಟ್ಟಾಗ ಅವನ 21 ನಂಬರ್ ಜೆರ್ಸಿಯನ್ನು ಇನ್ಯಾರಿಗೂ ಕೊಡುದಿಲ್ಲ ಅಂತ ಎತ್ತಿಟ್ಟಿದ್ರು. ಆಮೇಲೆ ಕ್ಷಮೆ ಕೇಳಿದ ಅನ್ನಿ. ಆದ್ರೆ ನನ್ನ ಸ್ಕೂಲಿನ ಹೆಣ್ಮಕ್ಕಳು ಬೆಳಿಗ್ಗೆ ಆರಕ್ಕೆ ಬಂದು ಪ್ರಾಕ್ಟೀಸ್ ಮಾಡ್ತಾರೆ, ಅವತ್ತು ಒಬ್ಳು ಬಂದು "ಮಿಸ್, ನಮ್ಮ ಹೆಸರು ಬೈಗುಳವಾ?" ಅಂತ ಕೇಳಿದ್ಲು. ನಂಗೆ ಉತ್ತರ ಬರ್ಲಿಲ್ಲ. ಹಾಗೆ ಮಾತಾಡಿದ್ರೆ ತಪ್ಪು. ರೊನಾಲ್ಡೊನ ಹಾಗೆ ಕ್ಲಬ್ಬಿನ ಅಡುಗೆಮನೆ ಸರಿ ಇಲ್ಲ ಅಂತ ಹೇಳಿದ್ರೆ ಎಂತ ತಪ್ಪು?

ಉಡುಪಿ ದೊಡ್ಡಪ್ಪ: ಅಡುಗೆಮನೆ ಸರಿ ಇಲ್ಲ ಅಂತ ಹೊರಗೆ ಹೋಗಿ ಹೇಳುದೇ ತಪ್ಪು. ಹೋಟೆಲ್ ನಡೆಸಿದವನಿಗೆ ಗೊತ್ತು ಅದರ ಕಷ್ಟ.

ಬೆಂಗ್ಳೂರು ಅಣ್ಣ: ಅಪ್ಪಾ ಇಲ್ಲಿ ಹೋಟೆಲ್ ಯಾಕೆ ಬಂತು

ಮುಂಬಯಿ ಭಾವ: ಬರ್ತದೆ. ಎಲ್ಲ ಮಾತೂ ಅಲ್ಲಿಗೇ ಬರುದು. ಅಜ್ಜಿಯ ಬೊಜ್ಜದ ದಿನ ನೂರೈವತ್ತು ಜನರೆದುರು ಎರಡು ವರ್ಷದ ಸಂಬಳ ಕೊಡಿ ಅಂತ ಕೇಳಿದ್ದು ನಾವು ಯಾರೂ ಮರೀಲಿಲ್ಲ.

ಬೊಜ್ಜ ಅಂದ್ರೆ ತುಳುವಿನಲ್ಲಿ ಉತ್ತರಕ್ರಿಯೆ. ಅದಾದ ಮೇಲೆ ಎರಡು ನಿಮಿಷ ಯಾರೂ ಎಂತದ್ದೂ ಹಾಕ್ಲಿಲ್ಲ. ಸುರತ್ಕಲ್ ಅಣ್ಣ ಒಂದು ಮೆಸೇಜ್ ಹಾಕಿ ಡಿಲೀಟ್ ಮಾಡಿದ. ನಾನು ಅಪ್ಪನ ಮುಖ ನೋಡ್ಲಿಲ್ಲ. ಅಡುಗೆಮನೆಗೆ ಹೋಗಿ ನಿಂತುಕೊಂಡೇ ಟೈಪ್ ಮಾಡಿದೆ, ಕೈ ನಡುಗ್ತಾ ಇತ್ತು, ಸ್ಪೆಲಿಂಗ್ ತಪ್ಪಾದದ್ದನ್ನು ಮಾತ್ರ ಇಲ್ಲಿ ಸರಿ ಮಾಡಿದ್ದೇನೆ.

ನಾನು: ದೊಡ್ಡಪ್ಪ, ಭಾವ, ನಾನು ಸಣ್ಣವಳು, ಆದ್ರೂ ಹೇಳ್ತೇನೆ, ಕೋಪ ಮಾಡ್ಬೇಡಿ. ಬೆಳಿಗ್ಗೆಯಿಂದ ಎಲ್ಲರೂ ರೊನಾಲ್ಡೊ ಮಾತಾಡಿದ್ದು ಸರಿಯಾ ತಪ್ಪಾ ಅಂತ ಹೇಳಿದ್ರಿ, ಅವ ಹೇಳಿದ್ದು ಎಂತ ಅಂತ ಯಾರೂ ಕೇಳ್ಲಿಲ್ಲ. 2022 ಏಪ್ರಿಲಲ್ಲಿ ಅವನಿಗೆ ಅವಳಿ ಮಕ್ಕಳು ಹುಟ್ಟಿದ್ವು, ಗಂಡು ಮಗು ಹೋಯ್ತು, ಹೆಣ್ಣು ಮಗು ಉಳೀತು. ಸುದ್ದಿ ಬಂದ ಮರುದಿನವೇ ಲಿವರ್‌ಪೂಲಲ್ಲಿ ಮ್ಯಾಚ್ ಇತ್ತು, ಅವ ಆಡ್ಲಿಲ್ಲ. ಅವನ ಜೆರ್ಸಿ ನಂಬರ್ 7 ಅಲ್ವಾ, 7ನೇ ನಿಮಿಷಕ್ಕೆ ಇಡೀ ಸ್ಟೇಡಿಯಂ ಎದ್ದು ನಿಂತು ಒಂದು ನಿಮಿಷ ಚಪ್ಪಾಳೆ ತಟ್ಟಿತು. ಅವರು ಯುನೈಟೆಡ್‌ನ ಪರಮ ವೈರಿಗಳು! ಜುಲೈಯಲ್ಲಿ ಆ ಉಳಿದ ಮಗುವಿಗೆ ಹುಷಾರಿಲ್ಲದೆ ಆಸ್ಪತ್ರೆಗೆ ಸೇರಿಸಿದ್ರು, ಹಾಗಾಗಿ ಪ್ರಾಕ್ಟೀಸಿಗೆ ಲೇಟಾಗಿ ಬರ್ತೇನೆ ಅಂದಾಗ ಕ್ಲಬ್ಬಿನ ದೊಡ್ಡವರು ತನ್ನ ಮಾತನ್ನು ಪೂರ್ತಿ ನಂಬ್ಲಿಲ್ಲ ಅಂತ ಅವ ಆ ಇಂಟರ್‌ವ್ಯೂದಲ್ಲಿ ಹೇಳಿದ್ದು. ವೈರಿಗಳು ಎದ್ದು ನಿಂತ್ರು, ಮನೆಯವರು ನಂಬ್ಲಿಲ್ಲ. ಇದು ಬಾಯಿಗೆ ಬಂದ ಹಾಗೆ ಮಾತಾಡುದಾ?

ನಾನು: ಅವ ಮಾಡಿದ್ದೆಲ್ಲ ಸರಿ ಅಂತಲ್ಲ. ಅಕ್ಟೋಬರಲ್ಲಿ ಟಾಟೆನ್‌ಹ್ಯಾಮ್ ಮ್ಯಾಚ್ ಮುಗಿಯುವ ಮೊದ್ಲೇ ಎದ್ದು ಹೋದದ್ದು ತಪ್ಪು, ಜೊತೆಯವರು ಇನ್ನೂ ಆಡ್ತಾ ಇದ್ರಲ್ಲ. ಕೋಚ್ ಮೇಲೆ ಗೌರವ ಇಲ್ಲ ಅಂತ ಟಿವಿಯಲ್ಲಿ ಹೇಳಿದ್ದೂ ನಂಗೆ ಇಷ್ಟ ಆಗ್ಲಿಲ್ಲ. ಆದ್ರೆ ಹಳೇ ಕೋಚ್ ಫರ್ಗ್ಯುಸನ್ 2013ರಲ್ಲಿ ಹೋದ ಮೇಲೆ ಕ್ಲಬ್ಬಲ್ಲಿ ಎಂತದ್ದೂ ಮುಂದೆ ಹೋಗ್ಲಿಲ್ಲ, ಜಿಮ್ಮು, ಈಜುಕೊಳ, ಅಡುಗೆಮನೆ ಎಲ್ಲ ನಾನು ಮೊದ್ಲು ಇದ್ದಾಗ ಇದ್ದ ಹಾಗೇ ಉಂಟು ಅಂತ ಹೇಳಿದ್ನಲ್ಲ, ಅದಕ್ಕೆ ಎಲ್ಲರೂ ಬೈದ್ರು. ಮತ್ತೆ ಎಂತ ಆಯ್ತು? 2024ರಲ್ಲಿ ಹೊಸ ಪಾಲುದಾರ ಬಂದ ಮೇಲೆ ಅದೇ ಕ್ಯಾರಿಂಗ್ಟನ್ ಟ್ರೈನಿಂಗ್ ಕಟ್ಟಡಕ್ಕೆ 50 ಮಿಲಿಯನ್ ಪೌಂಡ್ ಹಾಕಿ ರಿಪೇರಿಗೆ ಹಿಡಿದ್ರು, 2025 ಆಗಸ್ಟಲ್ಲಿ ತೆರೆದ್ರು. ಜಂತಿ ಎಣಿಸಬಾರದು ಅಂತೀರಿ ದೊಡ್ಡಪ್ಪ, ಜಂತಿಗೆ ಗೆದ್ದಲು ಹಿಡಿದಿದ್ರೆ ಆ ಮನೆಯಲ್ಲಿ ಮಲಗಿದವ ಹೇಳದೆ ಇನ್ಯಾರು ಹೇಳ್ಬೇಕು?

ಬೆಂಗ್ಳೂರು ಅಣ್ಣ: ರಿಪೇರಿ ವಿಷಯ ಸರಿ ಉಂಟು, ಚೆಕ್ ಮಾಡಿದೆ 👍 ಒಂದೇ ತಿದ್ದುಪಡಿ, ಇಂಟರ್‌ವ್ಯೂ ಕೊಟ್ಟಾಗ ಅವ ಇನ್ನೂ ಯುನೈಟೆಡ್ ಸಂಬಳ ತಗೊಳ್ತಾ ಇದ್ದ. ಬಿಟ್ಟ ಮೇಲೆ ಹೇಳಿದ್ದಲ್ಲ.

ನಾನು: ಹೌದು ಅಣ್ಣ. ಬಿಟ್ಟ ಮೇಲೆ ಹೇಳಿದ್ರೆ "ಇದ್ದಾಗ ಯಾಕೆ ಹೇಳ್ಲಿಲ್ಲ", ಇದ್ದಾಗ ಹೇಳಿದ್ರೆ "ಅನ್ನ ತಿಂತಾ ಹೇಳ್ತಾನೆ". ಯಾವಾಗ ಹೇಳ್ಬೇಕು ಹಾಗಾದ್ರೆ?

ನಾನು: ಬೊಜ್ಜದ ದಿನ ನಾನಿದ್ದೆ ಭಾವ. ನಂಗೆ 12 ವರ್ಷ. ಎಲೆ ಹಾಸಿ ಆಗಿತ್ತು, ಸಾರು ಬಡಿಸ್ತಾ ಇದ್ರು. ದೊಡ್ಡಪ್ಪನೇ ಮೊದ್ಲು ಎಲ್ಲರಿಗೆ ಕೇಳುವ ಹಾಗೆ "ಇವ ಹೋಟೆಲ್ ಬಿಟ್ಟು ಓಡಿ ಬಂದವ" ಅಂತ ಹೇಳಿದ್ದು. ಅಪ್ಪ ಎಲೆಯ ಮೇಲಿನ ಉಪ್ಪನ್ನು ಬೆರಳಲ್ಲಿ ಈಚೆ ಆಚೆ ಮಾಡ್ತಾ ಮಾಡ್ತಾ "ಅಣ್ಣ, ನನ್ನ ಸಂಬಳ ಬಾಕಿ ಉಂಟಲ್ಲ" ಅಂತ ಒಂದೇ ಮಾತು ಹೇಳಿದ್ದು. ಒಂದೇ. ಜೋರಾಗಿ ಕೂಡ ಅಲ್ಲ. 16 ವರ್ಷ ಆ ಗಲ್ಲಾದಲ್ಲಿ ಕೂತವರು. ಅವತ್ತಿಂದ ಇವತ್ತಿನವರೆಗೆ ಪ್ರತಿ ಮದುವೆಯಲ್ಲಿ, ಪ್ರತಿ ಪೂಜೆಯಲ್ಲಿ ಅವರು ಬೊಜ್ಜದ ದಿನ ಮಾತಾಡಿದ್ದನ್ನು ಎತ್ತುತ್ತೀರಿ. ಬಾಕಿ ಇತ್ತಾ ಇಲ್ವಾ ಅಂತ ಒಬ್ರಾದ್ರೂ ಕೇಳಿದ್ದುಂಟಾ?

ಕಾರ್ಕಳ ಅತ್ತೆ: ಅಯ್ಯೋ ನಾನು ಸುಮ್ನೆ ಫಾರ್ವರ್ಡ್ ಮಾಡಿದ್ದು ಮಕ್ಳೇ 🙏 ಜಗಳ ಬೇಡ

ಮುಂಬಯಿ ಭಾವ: ಸಣ್ಣವರು ದೊಡ್ಡವರ ವಿಷಯದಲ್ಲಿ ಬರಬಾರದು

ಮಣಿಪಾಲ ಅತ್ತಿಗೆ: ಅವಳು ಬಂದದ್ದಲ್ಲ ಭಾವ, ನೀವು ಎಳೆದದ್ದು.

ಸುರತ್ಕಲ್ ಅಣ್ಣ: ಚಿಕ್ಕಪ್ಪ ಆ ಸೈಕಲ್ ಈಗ್ಲೂ ಉಂಟಾ? ಹಸಿರು ಬಣ್ಣದ್ದು

ದೊಡ್ಡಪ್ಪ ಟೈಪಿಂಗ್ ಅಂತ ಬಂತು. ನಿಂತಿತು. ಪುನಃ ಬಂತು. ದೋಸೆ ಕಾವಲಿ ಬಿಸಿ ಆಗಿ ಹೊಗೆ ಏಳ್ತಾ ಇತ್ತು, ಒಲೆ ಆಫ್ ಮಾಡಿದೆ. ದೊಡ್ಡಪ್ಪನಿಗೆ ಈಗ 79, ಕನ್ನಡ ಕೀಬೋರ್ಡಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವವರು. ಬೈತಾರೆ ಅಂತಲೇ ನಾನು ನಿಂತದ್ದು.

ಉಡುಪಿ ದೊಡ್ಡಪ್ಪ: ಎರಡು ವರ್ಷ ಅಲ್ಲ. 11 ತಿಂಗಳು. ಆ ವರ್ಷ ಜಾಗದ ಕೇಸು ಇತ್ತು. ಪುಸ್ತಕ ನನ್ನ ಕಪಾಟಿನಲ್ಲಿ ಉಂಟು.

ನಾನು ಎರಡು ಸಲ ಓದಿದೆ. ಹೊರಗೆ ಬಂದು ನೋಡಿದ್ರೆ ಅಪ್ಪ ಕನ್ನಡಕ ಹಣೆ ಮೇಲೆ ಏರಿಸಿ ಫೋನನ್ನು ಮುಖದ ಹತ್ರ ಹಿಡ್ಕೊಂಡಿದ್ರು.

ಅಪ್ಪ: ಹೌದು ಅಣ್ಣ 11 ತಿಂಗಳು. ಎರಡು ವರ್ಷ ಅಂತ ನಾನು ಯಾವತ್ತೂ ಹೇಳ್ಲಿಲ್ಲ

ಉಡುಪಿ ದೊಡ್ಡಪ್ಪ: ಗೊತ್ತುಂಟು

ಸುರತ್ಕಲ್ ಅಣ್ಣನಿಗೆ ಅಪ್ಪ ಸಂಜೆ ಉತ್ತರ ಹಾಕಿದ್ರು, ಸೈಕಲ್ ಗುಜರಿಗೆ ಕೊಟ್ಟಾಯ್ತು, ಬೆಲ್ಲು ಮಾತ್ರ ಇಟ್ಕೊಂಡಿದ್ದೇನೆ ಅಂತ.