ಪಂಪ್‌ಸೆಟ್ ಅಂಗಡಿ ಮತ್ತು ಗೋಡೌನ್: ಕಳುವಾಗೋಕೆ ಮುಂಚೆ ಏನೇನು ಮಾಡ್ಕೊಬೇಕು?

ಪಂಪ್‌ಸೆಟ್ ಮಂಡ್ಯ:
ಎಲ್ಲರಿಗೂ ನಮಸ್ಕಾರ. ಮಂಡ್ಯ ಟೌನಲ್ಲಿ ನಮ್ದು ಪಂಪ್‌ಸೆಟ್, ಪೈಪು, ಕೇಬಲ್ ಅಂಗಡಿ. ಇಷ್ಟು ವರ್ಷ ಅಪ್ಪ ನೋಡ್ಕೊಂಡಿದ್ರು, ಈಗ ನನ್ನ ಕೈಗೆ ಬಂದಿದೆ. ತೂಬಿನಕೆರೆ ಕಡೆ ಒಂದು ಗೋಡೌನ್ ಬಾಡಿಗೆಗೆ ಹಿಡಿದಿದೀವಿ. ಸಬ್‌ಮರ್ಸಿಬಲ್ ಮೋಟಾರು, ವೈಂಡಿಂಗ್ ವೈರು, ಕೇಬಲ್ ಕಾಯಿಲು ಎಲ್ಲಾ ಅಲ್ಲೇ. ಗದ್ದೆ ಬೋರ್‌ವೆಲ್ ಹತ್ರ ಇರೋ ಕೇಬಲ್ಲನ್ನೇ ತಾಮ್ರಕ್ಕೋಸ್ಕರ ಕತ್ತರಿಸಿಕೊಂಡು ಹೋಗ್ತಾರೆ, ಇನ್ನು ಗೋಡೌನ್ ಬಿಡ್ತಾರಾ ಅನ್ನೋ ಯೋಚನೆ. ಒಬ್ಬರು ಹದಿನಾರು ಕ್ಯಾಮೆರಾಗೆ ಕೊಟೇಶನ್ ಕೊಟ್ಟು, ‘ಈಗ ಇದು ಕಡ್ಡಾಯ’ ಅಂತಾನೂ ಹೇಳಿ ಹೋದ್ರು. ಕೆಲಸಕ್ಕೆ ಆರು ಜನ ಇದಾರೆ, ಬಿಲ್ಲಿಂಗಿಗೆ ಒಬ್ಬ ಹುಡುಗಿ. ಇದುವರೆಗೂ ಏನೂ ಆಗಿಲ್ಲ. ಎಲ್ಲಿಂದ ಶುರು ಮಾಡ್ಲಿ? ಅನುಭವ ಇರೋರು ದಯವಿಟ್ಟು ಹೇಳಿ.

ಸಂತೆಪೇಟೆ ಮೈಸೂರು:
ಮೊದಲು ಶಟರ್ ನೋಡಿ. ಎರಡು ತುದಿಗೆ ಬೀಗ ಜಡಿದು ಮಧ್ಯ ಬಿಟ್ರೆ, ರಾಡ್ ಹಾಕಿ ಮಧ್ಯದಲ್ಲೇ ಮೀಟಿ, ಒಬ್ಬ ತೂರೋಷ್ಟು ಎತ್ತಿಬಿಡ್ತಾರೆ. ಸೆಂಟರ್ ಲಾಕ್ ಹಾಕಿಸಿ, ಒಳಗೊಂದು ಕೊಲ್ಯಾಪ್ಸಿಬಲ್ ಗೇಟ್ ಇರಲಿ.

ಬ್ಯಾಂಕಿಗೆ ದುಡ್ಡು ಕಟ್ಟೋಕೆ ಹೋಗೋರಿಗೂ ಹೇಳಿಡಿ. ‘ನಿಮ್ಮ ನೋಟು ಬಿದ್ದಿದೆ’, ‘ಶರ್ಟಿಗೆ ಗಲೀಜಾಗಿದೆ’, ‘ಟೈರ್ ಪಂಕ್ಚರ್ ಆಗಿದೆ’, ಯಾರು ಏನಂದ್ರೂ ಗಾಡಿ ನಿಲ್ಲಿಸಬಾರದು, ಬ್ಯಾಗ್ ಕೆಳಗಿಡಬಾರದು. ದಿನಾ ಅದೇ ಹೊತ್ತು, ಅದೇ ದಾರಿ ಬೇಡ.

ಹೆಬ್ಬಾಳ ಸ್ಟೋರ್ಸ್:
ತಮ್ಮ, ಮೈಸೂರು ಹೆಬ್ಬಾಳದ ಒಂದು ಕಾರ್ಖಾನೇಲಿ ಸ್ಟೋರ್ಸು, ಗೇಟು ಎರಡೂ ನೋಡ್ಕೊಂಡೇ ರಿಟೈರ್ ಆದೋನು ನಾನು. ಏನೂ ಆಗೋಕೆ ಮುಂಚೆ ಕೇಳ್ತಿದೀಯಲ್ಲ, ಬಹಳ ಸಂತೋಷ. ನನ್ನ ಹತ್ರ ಬರೋರೆಲ್ಲ ಮಾಲು ಹೋದ ಮೇಲೇ ಬರೋದು.

ಕ್ಯಾಮೆರಾ ಬೇಡ ಅನ್ನಲ್ಲ. ಆದ್ರೆ ಅದು ಹೋದ ಮಾಲಿನ ಕಥೆ ಹೇಳುತ್ತೆ, ಅದೂ ಮುಖ ಕಂಡ್ರೆ. ಮಾಲು ಹೋಗದೇ ಇರಬೇಕು ಅಂದ್ರೆ ಅದು ಯಾರ್ಯಾರ ಕೈ ದಾಟಿ ಹೊರಗೆ ಬರುತ್ತೆ, ಪ್ರತಿ ಕೈಯಲ್ಲೂ ಏನು ಬರಹ ಉಳಿಯುತ್ತೆ ಅಂತ ಮೊದಲು ನೋಡು. ಬೀಗದಕೈ ಇಟ್ಕೊಳ್ಳೋನು, ಮಾಲು ತೆಗೆದು ಕೊಡೋನು, ಬಿಲ್ ಮಾಡೋನು ಮೂರೂ ಒಬ್ಬನೇ ಆಗಬಾರದು. ಗೋಡೌನಿಂದ ಏನು ಹೊರಟರೂ ನಂಬರ್ ಅಚ್ಚಾದ ಗೇಟ್ ಪಾಸ್ ಇರಬೇಕು. ಬರೆಯೋವಾಗ ತಪ್ಪಾಯ್ತಾ, ಆ ಹಾಳೆ ಹರಿದು ಬಿಸಾಕೋ ಹಾಗಿಲ್ಲ, ಅಡ್ಡಗೆರೆ ಎಳೆದು ‘ರದ್ದು’ ಅಂತ ಬರೆದು ಪುಸ್ತಕದಲ್ಲೇ ಬಿಡಬೇಕು.

ನಿಮ್ಮ ವ್ಯಾಪಾರದಲ್ಲಿ ಸೋರೋದು ಹೊಸ ಮಾಲಿಗಿಂತ ವಾಪಸ್ ಬಂದ ಮಾಲಲ್ಲಿ. ರಿಪೇರಿಗೆ ಬಂದ ಮೋಟಾರು, ವಾರಂಟಿಗೆ ಹೋದ ಪಂಪು, ಸುಟ್ಟ ಮೋಟಾರಿಂದ ಬಿಚ್ಚಿದ ಹಳೇ ತಾಮ್ರ. ಇವು ಯಾರ ಲೆಕ್ಕದಲ್ಲೂ ಇರಲ್ಲ. ಆ ತಾಮ್ರಾನ ಅವತ್ತೇ ತೂಕ ಹಾಕಿ, ಯಾವ ಮೋಟಾರಿಂದ ಬಂತು ಅಂತ ಬರೆದು ಬೀಗದೊಳಗಿಡು.

ಕೇಬಲ್ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ. ಬಿಚ್ಚದ ಕಾಯಿಲ್ ಎಣಿಸೋದು ಸುಲಭ. ಬಿಚ್ಚಿ ಮೀಟರ್ ಲೆಕ್ಕದಲ್ಲಿ ಮಾರೋಕೆ ಶುರು ಮಾಡಿದ್ಮೇಲೇ ಲೆಕ್ಕ ಕೈತಪ್ಪೋದು. 90 ಮೀಟರ್ ಕಾಯಿಲ್ ಒಂದನ್ನ ಡಿಜಿಟಲ್ ತಕ್ಕಡಿ ಮೇಲಿಟ್ಟು ತೂಕ ಬರ್ಕೊ, ಪ್ಯಾಕಿಂಗ್ ತೂಕ ಕಳೆದು 90ರಿಂದ ಭಾಗಿಸು. ಆ ಬ್ರಾಂಡು, ಆ ಸೈಜಿಗೆ ಮೀಟರಿಗೆ ಇಷ್ಟು ಗ್ರಾಂ ಅಂತ ಸಿಕ್ತಲ್ಲ, ಅದನ್ನ ರ್‍ಯಾಕಿಗೆ ಅಂಟಿಸು. ಸಂಜೆ ಉಳಿದ ಸುರುಳಿ ತೂಗಿದ್ರೆ ಎಷ್ಟು ಮೀಟರ್ ಇದೆ ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತೆ, ಬಿಚ್ಚಿ ಅಳೆಯೋ ತಾಪತ್ರಯ ಇಲ್ಲ. ಮೈಮೇಲೆ ಮೀಟರ್ ಅಂಕಿ ಅಚ್ಚಾಗಿರೋ ಕೇಬಲ್ ಆದ್ರಂತೂ ಕತ್ತರಿಸಿದ ಜಾಗದ ಅಂಕಿಯನ್ನ ಬಿಲ್ಲಲ್ಲೇ ಬರೆಸು. ಮುಂದಿನ ಗಿರಾಕಿಗೆ ಕತ್ತರಿಸೋವಾಗ ಅಲ್ಲಿಂದಲೇ ಶುರುವಾಗಬೇಕು. ಮೋಟಾರಿಗೆ ಸೀರಿಯಲ್ ನಂಬರ್ ಇದ್ದೇ ಇರುತ್ತೆ, ಒಳಗೆ ಬಂದಾಗಲೂ ಬರೀರಿ, ಹೊರಗೆ ಹೋದಾಗಲೂ ಬರೀರಿ. ದೂರು ಕೊಡೋ ಪರಿಸ್ಥಿತಿ ಬಂದ್ರೆ ಪೊಲೀಸರು ಕೇಳೋದು ಅದನ್ನೇ.

ಆಮೇಲೆ ದಿನಾ ಬೆಳಗ್ಗೆ ನಾಲ್ಕೈದು ಐಟಂ, ಯಾವುದು ಅಂತ ಮೊದಲೇ ಹೇಳದೆ, ನೀನೇ ನಿಂತು ಎಣಿಸು. ಮಾರ್ಚ್ ಕೊನೇಲಿ ಎಣಿಸೋದು ಆಡಿಟರಿಗೆ ಸಾಕು, ನಿನಗೆ ಸಾಲದು.

ವಾಚ್‌ಮನ್‌ನ ಏಜೆನ್ಸಿಯಿಂದ ತಗೊಂಡ್ರೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಪ್ರಕಾರದ ಲೈಸೆನ್ಸ್ ತೋರಿಸು ಅಂತ ಕೇಳು. ಆ ಕಾಯ್ದೆಯ ಕೇಂದ್ರ ಮಾದರಿ ನಿಯಮಗಳಲ್ಲಿ ಗಾರ್ಡ್‌ಗೆ 100 ಗಂಟೆ ತರಗತಿ, 60 ಗಂಟೆ ಫೀಲ್ಡ್ ತರಬೇತಿ ಅಂತ ಇದೆ. ವಯಸ್ಸಾದ ಒಬ್ಬರ ಕೈಗೆ ಟಾರ್ಚ್ ಕೊಟ್ಟು ಊರಾಚೆ ಗೋಡೌನಲ್ಲಿ ಒಂಟಿಯಾಗಿ ರಾತ್ರಿ ಕೂರಿಸೋದನ್ನ ದಯವಿಟ್ಟು ಮಾಡಬೇಡ. ಅದು ಭದ್ರತೆ ಅಲ್ಲ, ಅವರ ಜೀವವನ್ನ ಮಾಲಿಗೆ ಅಡ್ಡ ಇಟ್ಟ ಹಾಗೆ. ಯಾರೇ ಇರಲಿ, ಒಳಗಿಂದ ಚಿಲಕ ಹಾಕ್ಕೊಳ್ಳೋ ಒಂದು ರೂಮು, ನೀರು, ಶೌಚಾಲಯ, ಚಾರ್ಜ್ ಇರೋ ಫೋನು ಕೊಡು. ‘ಕಳ್ಳರು ಬಂದ್ರೆ ಎದುರು ಹೋಗಬೇಡಿ, ಬಾಗಿಲು ಹಾಕ್ಕೊಂಡು 112ಕ್ಕೆ ಫೋನ್ ಮಾಡಿ, ಮಾಲು ಹೋದ್ರೆ ಹೋಗಲಿ’ ಅಂತ ಕೆಲಸಕ್ಕೆ ಸೇರಿದ ದಿನಾನೇ ನಿನ್ನ ಬಾಯಿಂದಲೇ ಹೇಳು.

ಕ್ಯಾಮೆರಾ ಹದಿನಾರು ಬೇಕಿಲ್ಲ. ಗೇಟಲ್ಲಿ ಗಾಡಿ ನಂಬರ್ ಓದೋ ಹಾಗೆ ಒಂದು, ಲೋಡಿಂಗ್ ಜಾಗಕ್ಕೆ ಒಂದು, ಕೌಂಟರಿಗೆ ಒಂದು, ಬಾಗಿಲಲ್ಲಿ ಮುಖದ ಎತ್ತರಕ್ಕೆ ಒಂದು. ಸೂರಿನ ಮೂಲೆಗೆ ಏರಿಸಿದ್ರೆ ಕಾಣೋದು ಬರೀ ನೆತ್ತಿ. ರೆಕಾರ್ಡರ್ ಡಬ್ಬ ಗಲ್ಲಾ ಪಕ್ಕ ಇಡಬೇಡ, ಬಂದೋರು ಅದನ್ನೂ ಕಿತ್ಕೊಂಡು ಹೋಗ್ತಾರೆ.

ಲೆಕ್ಕದಕ್ಕ:
ಹೆಬ್ಬಾಳದ ಅಣ್ಣ ಹೇಳಿದ್ದಕ್ಕೆ ನಂದೂ ಸ್ವಲ್ಪ ಸೇರಿಸ್ತೀನಿ. ನಾನು ಮೈಸೂರಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯೋಳು.

‘ಕಡ್ಡಾಯ’ ಅಂದಿದ್ದು ಬಹುಶಃ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತೆ ಕಾಯ್ದೆ ಇಟ್ಕೊಂಡು. ಅದು ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರೋ ಜಾಗಗಳಿಗೆ. ಅಂಥ ಕಡೆ 30 ದಿನದ ರೆಕಾರ್ಡಿಂಗ್ ಇಡಬೇಕು. ನಿಮ್ಮ ಅಂಗಡಿ ಆ ಲೆಕ್ಕಕ್ಕೆ ಬರೋ ಹಾಗೆ ಕಾಣಲ್ಲ. ಆದ್ರೂ 30 ದಿನ ಉಳಿಯೋಷ್ಟು ಹಾರ್ಡ್‌ಡಿಸ್ಕ್ ಹಾಕಿಸಿ, ಯಾಕಂದ್ರೆ ಮಾಲು ಕಮ್ಮಿ ಇರೋದು ಅವತ್ತೇ ಗೊತ್ತಾಗಲ್ಲ. ಗಡಿಯಾರ ಸರಿ ಇದೆಯಾ ಆಗಾಗ ನೋಡಿ, ಬಿಲ್ ಟೈಮಿಗೂ ದೃಶ್ಯದ ಟೈಮಿಗೂ ತಾಳೆ ಆಗದಿದ್ರೆ ನೋಡಿ ಏನೂ ಪ್ರಯೋಜನ ಇಲ್ಲ. ಜೊತೆಗೆ ಬಂದ ಪಾಸ್‌ವರ್ಡ್ ಅವತ್ತೇ ಬದಲಾಯಿಸಿ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಪ್ರಪಂಚದ ತುಂಬಾ ಕ್ಯಾಮೆರಾ, ರೆಕಾರ್ಡರುಗಳಿಗೆ ನುಗ್ಗಿದ್ದು ಕಂಪನಿಯಿಂದ ಬಂದ ಪಾಸ್‌ವರ್ಡ್ ಯಾರೂ ಬದಲಾಯಿಸಿರಲಿಲ್ಲ ಅನ್ನೋ ಕಾರಣಕ್ಕೇ.

ಗಲ್ಲಾದಲ್ಲಿ ಇರೋದಕ್ಕಿಂತ ಫೋನಲ್ಲಿ ಹೋಗೋ ದುಡ್ಡು ಜಾಸ್ತಿ ಈಗ. ಗಿರಾಕಿ ತೋರಿಸೋ ಸ್ಕ್ರೀನ್‌ಶಾಟ್ ನಂಬಿ ಮೋಟಾರ್ ಗಾಡಿಗೆ ಏರಿಸಬೇಡಿ, ಸೌಂಡ್‌ಬಾಕ್ಸ್ ಕೂಗಬೇಕು ಅಥವಾ ಖಾತೇಲಿ ಕಾಣಬೇಕು. ಬೆಳಗ್ಗೆ ಅಂಗಡಿ ತೆಗೆದ ತಕ್ಷಣ ನಿಮ್ಮ ಕ್ಯೂಆರ್ ಸ್ಟಿಕ್ಕರನ್ನ ನೀವೇ ಸ್ಕ್ಯಾನ್ ಮಾಡಿ ಹೆಸರು ನೋಡಿ. ಸಪ್ಲೈಯರ್ ಹೆಸರಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಮೆಸೇಜ್ ಬಂದ್ರೆ, ನಿಮ್ಮ ಹತ್ರ ಮೊದಲಿಂದ ಇರೋ ನಂಬರಿಗೆ ಫೋನ್ ಮಾಡಿ ಕೇಳಿ, ಮೆಸೇಜಲ್ಲಿ ಕೊಟ್ಟ ನಂಬರಿಗಲ್ಲ. ದುಡ್ಡು ಹೋಯ್ತು ಅಂತ ಗೊತ್ತಾದ ಕ್ಷಣಾನೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ಮಾಡೋಣ ಅಂದ್ರೆ ದುಡ್ಡು ಖಾತೆಯಿಂದ ಖಾತೆಗೆ ದಾಟಿ ಹೋಗಿರುತ್ತೆ.

ಇನ್ನೊಂದು. ಬಿಲ್ಲಿಂಗ್ ಹುಡುಗಿ ಅಂದ್ರಲ್ಲ, ರಾತ್ರಿ ಗಲ್ಲಾ ಎಣಿಸೋಕೆ ಆಕೇನ ಒಬ್ಬಳನ್ನೇ ಬಿಟ್ಟು ಹೋಗಬೇಡಿ. ಶಟರ್ ಅರ್ಧ ಎಳೆದು, ಇಬ್ಬರು ಇದ್ದಾಗಲೇ ಎಣಿಸಿ, ಆಕೆ ಬಸ್ಸು ಹತ್ತೋವರೆಗೂ ಯಾರಾದ್ರೂ ಜೊತೇಲಿರಲಿ.

ಪಂಪ್‌ಸೆಟ್ ಮಂಡ್ಯ:
ಅಣ್ಣ, ಅಕ್ಕ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತೂಕದ ಉಪಾಯ ನಾಳೆಯಿಂದಲೇ ಮಾಡ್ತೀನಿ. ಒಂದೇ ಅಳುಕು. ಅಪ್ಪನ ಕಾಲದಿಂದ ಇರೋ ಹಿರಿಯರೊಬ್ಬರಿದಾರೆ, ಗೋಡೌನ್ ಕೀ ಅವರ ಹತ್ರಾನೇ. ಈಗ ಗೇಟ್ ಪಾಸು, ಎಣಿಕೆ ಅಂದ್ರೆ ‘ನನ್ನ ಮೇಲೆ ಅನುಮಾನಾನಾ’ ಅಂತ ನೊಂದ್ಕೊಳ್ಳಲ್ವಾ?

ಹೆಬ್ಬಾಳ ಸ್ಟೋರ್ಸ್:
ನೊಂದ್ಕೋತಾರೆ, ಬೇರೆಯೋರ ಬಾಯಿಂದ ಗೊತ್ತಾದ್ರೆ. ಅದಕ್ಕೇ ಎಲ್ಲರಿಗೂ ಹೇಳೋ ಮುಂಚೆ ಅವರನ್ನ ಕೂರಿಸಿಕೊಂಡು ಹೇಳು. ಲೆಕ್ಕ ಇಲ್ಲದ ಕಡೆ ಮಾಲು ಕಮ್ಮಿ ಬಂದ್ರೆ ಎಲ್ಲರ ಕಣ್ಣು ಮೊದಲು ಹೋಗೋದು ಕೀ ಇರೋರ ಮೇಲೇ. ನಾನಿದ್ದ ಕಡೆ ಒಬ್ಬ ಸ್ಟೋರ್‌ಕೀಪರು, ಚಿನ್ನದಂಥ ಮನುಷ್ಯ, ಬೇರಿಂಗ್ ಕಮ್ಮಿ ಬಂತು ಅನ್ನೋ ಮಾತು ತಡೆಯೋಕಾಗದೆ ಕೆಲಸ ಬಿಟ್ಟು ಹೋದ್ರು. ಆಮೇಲೆ ಆ ಪೆಟ್ಟಿಗೆ ಇನ್ನೊಂದು ರ್‍ಯಾಕಿನ ಹಿಂದೆ ಸಿಕ್ತು. ಒಂದು ಪುಸ್ತಕ ಸರಿಯಾಗಿದ್ದಿದ್ರೆ ಅವರಿಗೆ ಆ ಗತಿ ಬರ್ತಿರಲಿಲ್ಲ. ಇದನ್ನೇ ಅವರಿಗೆ ಹೇಳು.

ಮತ್ತೆ ನಿಯಮ ನಿಮ್ಮನೆಯೋರಿಗೂ ಒಂದೇ. ನಿಮ್ಮಪ್ಪ ಪರಿಚಯದೋರಿಗೆ ಅಂತ ಒಂದು ಫುಟ್‌ವಾಲ್ವ್ ಎತ್ಕೊಂಡು ಹೊರಟರೂ ಪಾಸ್ ಬರೀಬೇಕು. ಮಾಲೀಕರು ಬರೀದಿದ್ರೆ ಉಳಿದೋರು ವಾರದೊಳಗೆ ಬಿಟ್ಟುಬಿಡ್ತಾರೆ. ಹೊಸಬರನ್ನ ಸೇರಿಸಿಕೊಳ್ಳೋವಾಗ ಹಿಂದಿನ ಕೆಲಸದ ಕಡೆ ಫೋನ್ ಮಾಡಿ ವಿಚಾರಿಸು, ಪೊಲೀಸ್ ವೆರಿಫಿಕೇಶನ್‌ಗೆ ಸೇವಾ ಸಿಂಧುವಿನಲ್ಲೇ ಅರ್ಜಿ ಹಾಕಿಸಬಹುದು.

ಗೇಟ್ ಪಾಸ್ ಪುಸ್ತಕ ಅಚ್ಚು ಹಾಕಿಸೋವಾಗ ದಿನಾಂಕ, ಹೊತ್ತು, ಬಿಲ್ ನಂಬರ್, ಮಾಲು, ಸೀರಿಯಲ್ ಅಥವಾ ಮೀಟರ್ ಅಂಕಿ, ಗಾಡಿ ನಂಬರ್, ಕೊಟ್ಟೋರ ಸಹಿ, ತಗೊಂಡೋರ ಸಹಿ ಇಷ್ಟು ಕಾಲಂ ಸಾಕು. ‘ವಾಪಸ್ ಬರತಕ್ಕದ್ದು’ ಅಂತ ಇನ್ನೊಂದು ಪುಸ್ತಕ ಬೇರೆ ಬಣ್ಣದಲ್ಲಿ ಮಾಡಿಸು, ರಿಪೇರಿ ಮಾಲೆಲ್ಲ ಅದರಲ್ಲಿ ಹೋಗಲಿ.