ಸಹಾಯ ಬೇಕು: ‘ಚಾರ್ಜ್’ ಪದಕ್ಕೆ ಕರಾರಿನಲ್ಲಿ ಸಲ್ಲುವ ಕನ್ನಡ

ಅನುವಾದಕ ಮಿತ್ರರೇ, ಎಲೆಕ್ಟ್ರಿಕ್ ಸ್ಕೂಟರಿನ ಕೈಪಿಡಿ, ಅದರ ಡೀಲರ್‌ಗೆ ಬ್ಯಾಂಕು ಕೊಡುವ ಸಾಲದ ಕರಾರು, ಎರಡನ್ನೂ ಒಂದೇ ಪದಪಟ್ಟಿಯಲ್ಲಿ ಕನ್ನಡಕ್ಕೆ ತರಬೇಕಿದೆ. ತೊಡಕೆಲ್ಲ ‘ಚಾರ್ಜ್’ದು.

ಸರ್ವಿಸ್ ಚಾರ್ಜಿಗೆ ‘ಶುಲ್ಕ’ ಸಾಕು. ಬ್ಯಾಟರಿಗೆ ‘ಚಾರ್ಜ್ ಮಾಡಿ’ ಎಂದೇ ಇಟ್ಟಿದ್ದೇವೆ; ಪಠ್ಯಪುಸ್ತಕದ ‘ಆವೇಶ’ ತಂದರೆ ಸ್ಕೂಟರಿನ ಮೈಮೇಲೆ ದೇವರು ಬಂದಂತಾಗುತ್ತದೆ! ಸರ್ವಿಸ್ ಇನ್‌ಚಾರ್ಜ್‌ಗೆ ‘ಪ್ರಭಾರಿ’ ಬೇಡ, ಕಚೇರಿ ಕನ್ನಡದಲ್ಲಿ ಅದು ಹೆಚ್ಚಾಗಿ ತಾತ್ಕಾಲಿಕ ಹೊಣೆ. ‘ಉಸ್ತುವಾರಿ’ ಹೊಂದುತ್ತದೆ.

ಸಿಕ್ಕಿಕೊಂಡಿರುವುದು ಸಾಲದ ಭದ್ರತೆಗಾಗಿ ಡೀಲರ್‌ನ ನಿವೇಶನದ ಮೇಲೆ ಬರುವ ‘ಚಾರ್ಜ್’ನಲ್ಲಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನ ಅಡಮಾನದಲ್ಲಿ ಆಸ್ತಿಯ ಮೇಲಿನ ಹಿತಾಸಕ್ತಿ (ಒಂದು ಬಗೆಯ ಹಕ್ಕು) ಸಾಲ ಕೊಟ್ಟವರಿಗೆ ವರ್ಗವಾಗುತ್ತದೆ. 100ನೇ ಕಲಮಿನ ಚಾರ್ಜ್‌ನಲ್ಲಿ ಹಾಗೆ ವರ್ಗವಾಗುವುದಿಲ್ಲ, ಆಸ್ತಿಯು ಹಣದ ಪಾವತಿಗೆ ಭದ್ರತೆ ಮಾತ್ರ. ಹಾಗಾಗಿ ‘ಅಡಮಾನ’ ಎಂದರೆ ಅರ್ಥವೇ ಕೆಡುತ್ತದೆ. ‘ಋಣಭಾರ’ ಎಂದರೆ ಋಣಭಾರ ಪ್ರಮಾಣಪತ್ರದ (ಇ.ಸಿ.) ಪದದೊಂದಿಗೆ ಕಲಸಿಹೋಗುತ್ತದೆ, ಅದರಲ್ಲಿ ಅಡಮಾನವೂ ಸೇರುತ್ತದಲ್ಲ. ಬರೀ ‘ಹೊರೆ’ ಕಾನೂನಿನ ಕಿವಿಗೆ ಸಡಿಲ.

ಬ್ಯಾಂಕಿನಲ್ಲೋ ನ್ಯಾಯಾಲಯದಲ್ಲೋ ಕನ್ನಡ ಕರಡು ಬರೆಯುವವರು ಯಾವ ಪದ ಬಳಸುತ್ತೀರಿ? ಪದದ ಜೊತೆ ಒಂದು ಪೂರ್ಣ ವಾಕ್ಯವನ್ನೂ ಕೊಡಿ. ‘ಚಾರ್ಜ್ ಸೃಷ್ಟಿಸುವುದು’, ‘ಚಾರ್ಜ್ ತೆರವು’ ಎಂಬ ಕ್ರಿಯಾರೂಪಗಳಿಗೂ ಅದು ಒಗ್ಗಬೇಕು.